ಬೈಗುಳದ ವಿಳಾಸ

ಕಂಬ ಕೆಲಸ ಬಿಡುತ್ತಾನೆ ಎಂಬ ಸುದ್ದಿ ಮೇಸ್ತ್ರಿಗೆ ಸಿಕ್ಕಿದ್ದು ಕಂಬನ ಬಾಯಿಂದಲ್ಲ. ಲಾರಿಯ ಹಿಂಬದಿಯಲ್ಲಿ ಕುಳಿತು ಹಳೇ ಕಂಬಳಿಗಳನ್ನು ಮಡಚುತ್ತಿದ್ದ ಪ್ಯಾಕಿಂಗ್ ಅಕ್ಕ, ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು. ಶನಿವಾರದವರೆಗೆ ಇದ್ದು, ಆಮೇಲೆ ಸೇತುವೆಯಾಚೆಯ ಇನ್ನೊಂದು ಕಂಪನಿಗೆ ಸೇರುತ್ತಾನಂತೆ. ಮಾತುಕತೆಯೆಲ್ಲ ಆಗಿದೆಯಂತೆ.

"ಯಾರು, ನಮ್ಮ ಕಂಬನಾ? ಸುಮ್ನಿರಕ್ಕ, ತಮಾಷೆ ಮಾಡ್ಬೇಡ," ಎಂದ ಮೇಸ್ತ್ರಿ.

"ನಾನ್ಯಾಕಪ್ಪ ತಮಾಷೆ ಮಾಡ್ಲಿ? ಹೋಗೋನು ಅವನು, ನಿಲ್ಲಿಸ್ಕೊಳ್ಳೋನು ನೀನು. ಮಧ್ಯದಲ್ಲಿ ನಂದೇನು?"

ಮೇಸ್ತ್ರಿಗೆ ತಲೆಬುಡ ತಿಳಿಯಲಿಲ್ಲ. ಬೈದಿದ್ದರೆ, ರಜೆ ಕೊಡದೆ ಸತಾಯಿಸಿದ್ದರೆ, ಸರಿ, ಬೇಸತ್ತು ಹೋಗುತ್ತಾನೆ ಎನ್ನಬಹುದಿತ್ತು. ಆದರೆ ತಂಡದಲ್ಲಿ ಇನ್ಯಾರಿಗೂ ಕೊಡದ ಮರ್ಯಾದೆಯನ್ನು ಕಂಬನಿಗೆ ಕೊಟ್ಟು, ಅವನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡವನು ಇವನು. ಬೈಸಿಕೊಂಡವರೆಲ್ಲ ಹಾಯಾಗಿದ್ದಾರೆ, ಬೈಸಿಕೊಳ್ಳದವನು ಗಂಟುಮೂಟೆ ಕಟ್ಟುತ್ತಿದ್ದಾನೆ. ಇದ್ಯಾವ ನ್ಯಾಯ ಎಂದು ಲಾರಿಯ ಚಕ್ರವನ್ನೇ ನೋಡುತ್ತ ನಿಂತ.

ಅವರದು ಮನೆ ಸಾಮಾನು ಸಾಗಿಸುವ ಕೆಲಸ. ಜನ ಮನೆ ಬದಲಿಸುತ್ತಾರೆ, ಬೆನ್ನು ಸವೆಯುವುದು ಇವರದು. ಮಂಚ, ಬೀರು, ಫ್ರಿಜ್ಜು, ಯಾರೂ ನುಡಿಸದ ಪಿಯಾನೊ, ಯಾರೂ ಬಿಸಾಡಲು ಒಪ್ಪದ ಮುರುಕು ಕುರ್ಚಿ, ಎಲ್ಲವನ್ನೂ ಒಂದು ಮೆಟ್ಟಿಲಿಂದ ಇಳಿಸಿ ಇನ್ನೊಂದು ಮೆಟ್ಟಿಲು ಹತ್ತಿಸಬೇಕು. ಇಳಿಸುವಾಗ ಕೆಳಗಿರುವವನ ಪಾಲಿಗೆ ಭಾರ, ಮೇಲಿರುವವನ ಪಾಲಿಗೆ ದಾರಿ. ಕೆಳಗಿನವನು ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತಾನೆ, ಅವನಿಗೆ ಮರದ ಹಲಗೆಯೊಂದು ಬಿಟ್ಟು ಬೇರೇನೂ ಕಾಣದು. ಮೇಲಿನವನ ಕಾಲು ತಪ್ಪಿದರೆ ಕೆಳಗಿನವನ ಪಕ್ಕೆಲುಬು ಹೋಯಿತು. ಕಂಬ ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಮನುಷ್ಯ, ಅದಕ್ಕೇ ಆ ಹೆಸರು. ಅವನು ಯಾವತ್ತೂ ಕೆಳಗೆ. ಮೇಲೆ ಯಾವತ್ತೂ ಇವನು, ಈಗಿನ ಮೇಸ್ತ್ರಿ. ಹೀಗೆ ಜೋಡಿಯಾಗಿ ಅವರು ಊರಿನ ಅರ್ಧ ಜನರ ಸಂಸಾರವನ್ನು ಹೊತ್ತಿದ್ದರು. ಕಂಬ ಇವನಿಗೆ ಒಡಹುಟ್ಟಿದವನಿಗಿಂತ ಹೆಚ್ಚು, ಇವನ ಮದುವೆಯ ದಿನ ಇವನಿಗಿಂತ ಮೊದಲು ಕಣ್ಣೊರೆಸಿಕೊಂಡವನು.

ಆಗ ಹಳೇ ಮೇಸ್ತ್ರಿ ಇದ್ದರು. ಅವರಿಗೆ ಗೊತ್ತಿದ್ದ ವಿದ್ಯೆ ಒಂದೇ, ಗಂಟಲು. ಮೆಟ್ಟಿಲ ತಿರುವಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಅವರು ಶುರು ಮಾಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು. ಬೈಗುಳದಲ್ಲಿ ಮುಕ್ಕಾಲು ಪಾಲು ಕಂಬನ ಹೆಸರಿಗೆ. "ಏ ಕಂಬ, ಮೊಣಕೈ ಒಳಗೆ! ಏ ಕಂಬ, ಯಾರ ಮನೆ ಗಂಟು ಹೋಗುತ್ತೆ ಅಂತ ಓಡ್ತೀಯ? ಏ ಕಂಬ, ದಂಡಪಿಂಡ, ಕಾಲು ಎಲ್ಲಿಡ್ತಿದ್ದೀಯ?" ಕಂಬ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮೇಲೆ ನಿಂತ ಇವನಿಗೆ ಮಾತ್ರ ಕರುಳು ಚುರುಕ್ ಎನ್ನುತ್ತಿತ್ತು. ಇವನಿಗೆ ಹಳೇ ಮೇಸ್ತ್ರಿ ಬೈದದ್ದು ಒಂದೇ ಸಲ, ಸೇರಿದ ಹೊಸದರಲ್ಲಿ. ಆಮೇಲೆ ಒಂದು ಕೆಟ್ಟ ಮಾತಿಲ್ಲ. ನಾನು ತಪ್ಪು ಮಾಡುವುದಿಲ್ಲ, ಅದಕ್ಕೇ ಬೈಯುವುದಿಲ್ಲ ಎಂದು ಇವನು ಲೆಕ್ಕ ಹಾಕಿಕೊಂಡಿದ್ದ. ಹೆಂಡತಿಯ ಎದುರು ಅದನ್ನು ಹೇಳಿಕೊಳ್ಳದ ವಾರವಿರಲಿಲ್ಲ.

ಬೆನ್ನು ಹಿಡಿದುಕೊಂಡು ಹಳೇ ಮೇಸ್ತ್ರಿ ಮನೆ ಸೇರಿದ ಮೇಲೆ ಕಂಪನಿಯ ಯಜಮಾನರಿಗೆ ಹೆಚ್ಚು ಯೋಚನೆ ಮಾಡುವ ಅಗತ್ಯ ಬೀಳಲಿಲ್ಲ. "ಕಂಬ ದಿನಾ ಬೈಸ್ಕೊಳ್ಳೋನು, ಅವನ ಕೈಗೆ ತಂಡ ಕೊಟ್ರೆ ಹೆಂಗೆ? ನೀನಾದ್ರೆ ಒಂದು ದಿನ ಬೈಸ್ಕೊಂಡಿದ್ದು ನಾನು ಕೇಳಿಲ್ಲ," ಎಂದು ಇವನ ಹೆಗಲು ತಟ್ಟಿದರು. ಹೀಗೆ ಇವನು ಮೇಸ್ತ್ರಿಯಾದ.

ಮೇಸ್ತ್ರಿಯಾದ ಮೊದಲ ದಿನವೇ ಒಂದು ತೀರ್ಮಾನ ಮಾಡಿದ: ಎಲ್ಲರ ತಲೆಗೂ ಒಂದೇ ಬೈಗುಳ ಸುರಿಯುವ ಆ ಕಾಲ ಮುಗಿಯಿತು. ಹೆಂಡತಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು, ಅವಳ ಬೆಂಬಲವೂ ಇತ್ತು. "ಐದು ಬೆರಳೂ ಒಂದೇ ಸಮ ಇರುತ್ತಾ? ಒಂದು ಮಗು ಗದರಿದ್ರೆ ಬರೆಯುತ್ತೆ, ಇನ್ನೊಂದು ಗದರಿದ್ರೆ ಚಡ್ಡಿ ಒದ್ದೆ ಮಾಡ್ಕೊಳ್ಳುತ್ತೆ. ನೋಡ್ಕೊಂಡು ಮಾಡ್ಬೇಕು," ಎಂದಿದ್ದಳು. ಸರಿ, ಮೇಸ್ತ್ರಿ ನೋಡಿಕೊಂಡೇ ಮಾಡಿದ. ಪೈಲ್ವಾನನೆಂಬ ದಾಂಡಿಗನಿಗೆ ಮೆಲ್ಲಗೆ ಹೇಳಿದರೆ ಅದು ತಲೆಗೆ ಇಳಿಯುವುದೇ ಇಲ್ಲ, ಕಿರುಚಿದರೆ ಮಾತ್ರ ಎದ್ದು ನಿಲ್ಲುತ್ತಾನೆ, ಅವನಿಗೆ ಕಿರುಚಿದ. ವಕೀಲ ಎಂದು ಎಲ್ಲರೂ ಕರೆಯುವ ಸಣಕಲನಿಗೆ ಪ್ರತಿಯೊಂದಕ್ಕೂ ಕಾರಣ ಬೇಕು, ಸೋಫಾ ಮೊದಲು ಯಾಕೆ, ಫ್ರಿಜ್ಜು ಮೊದಲು ಯಾಕಲ್ಲ ಎಂದು. ಅವನಿಗೆ ಕಾರಣ ಕೊಟ್ಟ. ಪ್ಯಾಕಿಂಗ್ ಅಕ್ಕನಿಗೆ ಹೀಗೆ ಮಾಡು ಎಂದರೆ ಮುಗಿಯಿತು, ಮುಖ ಊದಿಸಿಕೊಂಡು ಕೂರುತ್ತಾಳೆ, "ಅಕ್ಕ, ಈ ಗಾಜಿನ ಸಾಮಾನು ಏನ್ ಮಾಡೋಣ ಅಂತೀಯ?" ಎಂದು ಕೇಳಿದರೆ ಇವನ ಮನಸ್ಸಿನಲ್ಲಿದ್ದದ್ದನ್ನೇ ತನ್ನ ಉಪಾಯವೆಂಬಂತೆ ಮಾಡಿ ಮುಗಿಸುತ್ತಾಳೆ. ಎಲ್ಲವೂ ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ನಡೆಯಿತು.

ಇನ್ನು ಕಂಬ. ಪಾಪ, ಬೈಸಿಕೊಂಡು ಬೈಸಿಕೊಂಡು ಆ ಜೀವ ಬೆಂದಿದೆ, ಇನ್ನು ಅವನನ್ನು ಒಂದು ಮಾತೂ ಅನ್ನಬಾರದು ಎಂದು ಮೇಸ್ತ್ರಿ ನಿರ್ಧರಿಸಿದ. ಅನ್ನಲೂ ಇಲ್ಲ. ಗೋಡೆಗೆ ಗೀರು ಬಿದ್ದರೆ, ಅದು ಯಾರಿಂದ ಬಿತ್ತೆಂದು ಕೂಡ ನೋಡದೆ, "ಪರವಾಗಿಲ್ಲ ಬಿಡು ಕಂಬ" ಎಂದ. ಭಾರದ ಸಾಮಾನುಗಳನ್ನು ಪೈಲ್ವಾನನಿಗೆ ಕೊಟ್ಟು ಕಂಬನ ಕೈಗೆ ದಿಂಬು, ದೀಪದ ಕಂಬಿ, ಪರದೆಯ ಕೋಲುಗಳನ್ನು ಕೊಟ್ಟ. ಲಾರಿಯಲ್ಲಿ ಕಂಬ ಕಟ್ಟಿದ ಹಗ್ಗದ ಗಂಟುಗಳನ್ನು, ಅವನಿಗೆ ಬೇಜಾರಾಗದಿರಲೆಂದು, ಅವನು ನೀರು ಕುಡಿಯಲು ಹೋದಾಗ ಕದ್ದು ಇನ್ನೊಂದು ಸಲ ಬಿಗಿದ. ಗಂಟುಗಳೇನೂ ಸಡಿಲವಾಗಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಇಷ್ಟೆಲ್ಲ ಮಾಡಿದ್ದಕ್ಕೆ ಅವನು ಸೇತುವೆ ದಾಟಿ ಹೋಗುತ್ತಾನಂತೆ.

ಆ ಸಂಜೆ ಮನೆಯಲ್ಲಿ ಹೆಂಡತಿ ಮಕ್ಕಳ ಕಾಪಿ ತಿದ್ದುತ್ತಿದ್ದಳು. ಇವನು ಅಡುಗೆಮನೆಗೂ ಹೊಸಿಲಿಗೂ ಹತ್ತು ಸಲ ತಿರುಗಿದ.

"ಕೇಳಿದ್ರಾ ಅವರನ್ನ?" ಎಂದಳು ತಲೆಯೆತ್ತದೆ.

"ಏನಂತ ಕೇಳ್ಲಿ?"

"ಯಾಕಪ್ಪ ಹೋಗ್ತಿದ್ದೀಯ ಅಂತ."

"ಅದನ್ನ ಹೆಂಗೆ ಕೇಳೋದು?"

"ಬಾಯಿಂದ," ಎಂದಳು ಮಹಾರಾಯಿತಿ, ಮತ್ತು ಪುಟ ತಿರುವಿದಳು.

ಬಾಯಿಂದ ಕೇಳುವಷ್ಟು ಸರಳ ಬುದ್ಧಿ ನಮ್ಮ ಮೇಸ್ತ್ರಿಗೆ ಎಲ್ಲಿಂದ ಬರಬೇಕು? ಬೆಳಗಾದ ಮೇಲೆ ಅವನು ಕಂಬನ ಮೇಲೆ ಹೊಸ ಹೊಸ ಪ್ರಯೋಗ ಶುರುಮಾಡಿದ. ಮೊದಲು ಹೊಗಳಿಕೆ. ಕಂಬ ಒಂದು ಮೇಜನ್ನು ಎತ್ತಿಟ್ಟದ್ದಕ್ಕೆ "ಭಲೇ, ಏನ್ ಎತ್ತಿದ್ಯೋ!" ಎಂದ. ಕಂಬ ಆ ಮೇಜನ್ನೂ ಇವನ ಮುಖವನ್ನೂ ನೋಡಿ, ಮೂಗಿನಿಂದ ಉಸಿರು ಬಿಟ್ಟು ಹೋದ. ಆಮೇಲೆ ವಕೀಲನಿಗೆ ಕೊಡುವಂತೆ ಕಾರಣ ಕೊಟ್ಟ, ಮಂಚದ ತಲೆಭಾಗ ಮೊದಲು ಇಳಿಸಬೇಕು, ಏಕೆಂದರೆ ಹೀಗೆ, ಏಕೆಂದರೆ ಹಾಗೆ. "ಮೆಟ್ಟಿಲು ಕೆಳಗಡೆ ಹೋಗುತ್ತೆ ಅನ್ನೋದನ್ನೂ ಹೇಳ್ಬಿಡು," ಎಂದ ಕಂಬ. ಅಕ್ಕನನ್ನು ಕೇಳುವಂತೆ ಅಭಿಪ್ರಾಯ ಕೇಳಿದರೆ, "ಮೇಸ್ತ್ರಿ ನೀನು, ನೀನೇ ಹೇಳು," ಎಂದು ಬೀಡಿ ಹಚ್ಚಿದ. ಆ ಮಾತಿನಲ್ಲಿ ಸಿಟ್ಟಿತ್ತೇ, ಇರಲಿಲ್ಲವೇ? ಮೇಸ್ತ್ರಿ ಅದನ್ನು ತಲೆಯೊಳಗೆ ತಿರುವಿ ಮುರುವಿ ನೋಡಿದ. ಏನೂ ಗೊತ್ತಾಗಲಿಲ್ಲ.

ಇದೆಲ್ಲ ನಡೆಯುವಾಗ ಉಳಿದವರೇನೂ ಕಣ್ಣು ಮುಚ್ಚಿಕೊಂಡಿರಲಿಲ್ಲವಲ್ಲ. ಊಟದ ಹೊತ್ತಿಗೆ ಪೈಲ್ವಾನ ಬಂದು ಎದುರು ನಿಂತ. ಅಷ್ಟು ದೊಡ್ಡ ದೇಹದಿಂದ ಅಷ್ಟು ಸಣ್ಣ ದನಿ ಬರುವುದನ್ನು ಮೇಸ್ತ್ರಿ ಕೇಳಿರಲಿಲ್ಲ.

"ಅಕ್ಕನ್ನ ಕೇಳ್ತೀಯ, ಕಂಬನ್ನ ಕೇಳ್ತೀಯ. ನಂಗೂ ತಲೆ ಇದೆ. ನನ್ನ ಒಂದಿನಾನಾದ್ರೂ ಕೇಳಿದ್ದೀಯಾ?"

ಸರಿಯಪ್ಪ ಎಂದು ಮೇಸ್ತ್ರಿ ಅವನನ್ನು ಕೇಳಿದ, ಈ ಬಟ್ಟೆ ಒಗೆಯುವ ಮಷೀನನ್ನು ಲಾರಿಯಲ್ಲಿ ಎಲ್ಲಿಡೋಣ? ಪೈಲ್ವಾನ ಗಹನವಾಗಿ ಯೋಚಿಸಿದ. ನಿಂತು ಯೋಚಿಸಿದ್ದು ಸಾಲದೆ ಮಷೀನಿನ ಮೇಲೆಯೇ ಕುಳಿತು ಯೋಚಿಸಿದ. ಕೊನೆಗೆ ಅವನನ್ನು ಎಬ್ಬಿಸಲು ಮೇಸ್ತ್ರಿ ಕಿರುಚಲೇಬೇಕಾಯಿತು. ಅತ್ತ ವಕೀಲನದು ಬೇರೆಯೇ ವಾದ: "ಪೈಲ್ವಾನನಿಗೆ ಕಿರುಚ್ತೀಯ ಅಂದ್ರೆ ಅವನ ಮೇಲೆ ಸಲಿಗೆ ಇದೆ ಅಂತಾಯ್ತು. ನಂಗೆ ಮಾತ್ರ ಭಾಷಣ. ನಾನೇನು ಹೊರಗಿನವನಾ?" ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗೆ ಬೇಕು, ತನಗೆ ಕೊಟ್ಟದ್ದು ಯಾರಿಗೂ ಬೇಡ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆನಲ್ಲ ಎಂದು ಮೇಸ್ತ್ರಿ ತಲೆ ಕೆರೆದುಕೊಂಡ. ವಾರವೆಲ್ಲ ಹೀಗೇ ಹೋಯಿತು. ಕಂಬನನ್ನು ಕೇಳಬೇಕಾದ ಆ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

ಶನಿವಾರ ಎದುರಾದದ್ದು ಒಂದು ಬೀರು.

ಮೂರನೇ ಮಹಡಿಯ ಮನೆ, ಕಿರಿದಾದ ಮೆಟ್ಟಿಲು, ಬಚ್ಚಲಷ್ಟೂ ಇಲ್ಲದ ಲಿಫ್ಟು. ಮನೆಯೊಡತಿಯ ತಾಯಿಯ ಕಾಲದ ಮರದ ಬೀರು, ಒಂದು ಮೊಳೆಯೂ ಇಲ್ಲದೆ ಜೋಡಿಸಿದ್ದು. ಬಿಚ್ಚಿದರೆ ಮತ್ತೆ ಕೂಡುವುದಿಲ್ಲ, ಹಾಗೆಯೇ ಇಳಿಸಬೇಕು. ಇಂಥದ್ದಕ್ಕೆ ಹಳೇ ಜೋಡಿಯೇ ಬೇಕು. ದಿಂಬು ಹೊರುತ್ತಿದ್ದ ಕಂಬ, ಯಾರೂ ಹೇಳುವ ಮುಂಚೆ ಹೆಗಲಿಗೆ ಪಟ್ಟಿ ಹಾಕಿಕೊಂಡು ಕೆಳಗಿನ ಕಡೆ ಹೋಗಿ ನಿಂತ. ಅವನ ಪಕ್ಕದಲ್ಲಿ ಪೈಲ್ವಾನ. ಮೇಲೆ ಮೇಸ್ತ್ರಿ, ಅವನ ಪಕ್ಕ ಕಟಕಟೆಯ ಕಡೆಗೆ ವಕೀಲ. ಬಾಗಿಲಲ್ಲಿ ಪ್ಯಾಕಿಂಗ್ ಅಕ್ಕ, ಅವಳ ಹಿಂದೆ ಎದೆಯ ಮೇಲೆ ಕೈಯಿಟ್ಟುಕೊಂಡ ಮನೆಯೊಡತಿ.

ಮೊದಲ ಸಾಲು ಮೆಟ್ಟಿಲು ಇಳಿದಾಯಿತು. ತಿರುವಿನಲ್ಲಿ ಬೀರು ಅಡ್ಡಡ್ಡ ಸಿಕ್ಕಿಕೊಂಡಿತು. ಇಂಥ ಹೊತ್ತಿನಲ್ಲಿ ಒಂದು ದನಿ ಬೇಕು. ಮೇಸ್ತ್ರಿಯ ಬಳಿ ನಾಲ್ಕಿದ್ದವು.

"ಏಯ್ ಪೈಲ್ವಾನ್, ಎತ್ತೋ!" ಎಂದು ಕಿರುಚಿದ. ಪೈಲ್ವಾನ ಎತ್ತಿದ, ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ. "ವಕೀಲ, ನೀನು ನಿನ್ನ ಕಡೆ ಸ್ವಲ್ಪ ಇಳಿಸು, ಯಾಕಂದ್ರೆ ಮೂಲೆ ತಿರುಗ್ಬೇಕಾದ್ರೆ..." ವಕೀಲ ಕಾರಣ ಪೂರ್ತಿಯಾಗಲೆಂದು ಕಾಯುತ್ತ ನಿಂತ. "ಅಕ್ಕ, ಮೇಲಿಂದ ಹೆಂಗೆ ಕಾಣ್ತಿದೆ, ಏನ್ ಮಾಡೋಣ ಅಂತೀಯ?" "ನನ್ನೇನು ಕೇಳ್ತೀಯೋ ಈಗ!" ಎಂದಳು ಅಕ್ಕ. ಕಂಬನಿಗೆ ಅವನು ಏನೂ ಹೇಳಲಿಲ್ಲ. ಬೀರು ವಾಲಿತು. ಭಾರವೆಲ್ಲ ಸರಿದು ಕಂಬನ ಕಡೆಗೆ ಹೋಯಿತು.

"ಅಯ್ಯೋ ಮೇಸ್ತ್ರೀ! ಕಾಲು ತೆಗೀರಿ! ನಿಮ್ಮ ಕಾಲು ರೀ! ಏನ್ ನಿಂತ್ಕೊಂಡ್ ನೋಡ್ತಿದ್ದೀರಾ?" ಮನೆಯೊಡತಿಯ ಕೂಗು ನೇರ ಅವನ ನೆತ್ತಿಯ ಮೇಲೆ ಬಿತ್ತು.

ಆಗ ಆದದ್ದು ಅವನಿಗೆ ತಿಳಿಯಲೇ ಇಲ್ಲ. ಕೂಗು ಕೇಳಿಸಿತು, ಅರ್ಥವೂ ಆಯಿತು. ಕಾಲು ಮಾತ್ರ ಅಲ್ಲಾಡಲಿಲ್ಲ. ಮೊಣಕೈ ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತ್ತು, ಅದೂ ಅಲ್ಲಾಡಲಿಲ್ಲ. ಮೈಯೆಲ್ಲ ಕಲ್ಲು. ಆಕೆ ಮತ್ತೆ ಕೂಗಿದಳು, ಅವನು ಇನ್ನಷ್ಟು ಕಲ್ಲಾದ. ಕೆಳಗೆ ಕಂಬನ ಉಸಿರು ಮರಕ್ಕೆ ತಾಗಿ ಬರುವುದು ಕೇಳುತ್ತಿತ್ತು. ಅವನು ಸಾಯುತ್ತಾನೆ, ನನ್ನಿಂದ ಸಾಯುತ್ತಾನೆ ಎನ್ನುವುದೊಂದೇ ತಲೆಯಲ್ಲಿ.

"ಏ ಕಂಬ!"

ದನಿ ಕೆಳಗಿನಿಂದ ಬಂತು. ಹಳೇ ಮೇಸ್ತ್ರಿಯದೇ ವರಸೆ, ಅದೇ ಗಂಟಲು ಹರಿಯುವ ರಾಗ. ಆದರೆ ಕೂಗುತ್ತಿದ್ದವನು ಕಂಬ.

"ಏ ಕಂಬ, ದಂಡಪಿಂಡ! ಎಡಗಾಲು ಒಂದು ಮೆಟ್ಟಿಲು ಹಿಂದಕ್ಕೆ ಹಾಕೋ!"

ಮೇಸ್ತ್ರಿಯ ಎಡಗಾಲು ಒಂದು ಮೆಟ್ಟಿಲು ಹಿಂದಕ್ಕೆ ಹೋಯಿತು. ಅವನು ಹಾಕಿದ್ದಲ್ಲ, ಅದೇ ಹೋಯಿತು.

"ಏ ಕಂಬ, ಮೊಣಕೈ ಒಳಗೆ! ಗೋಡೆ ನಿಮ್ಮಪ್ಪ ಕಟ್ಟಿಸಿದ್ದಾ?"

ಮೇಸ್ತ್ರಿಯ ಮೊಣಕೈ ಒಳಗೆ ಬಂತು.

"ಈಗ ನಿಧಾನ ಇಳೀ. ಯಾರ ಮನೆ ಗಂಟೂ ಹೋಗಲ್ಲ. ಕಂಬ, ನಿಂಗೇ ಹೇಳ್ತಿರೋದು, ನಿಧಾನ!"

ಬೀರು ಒಮ್ಮೆ ನರಳಿ ತಿರುಗಿತು. ತಿರುಗುವಾಗ ಮೇಸ್ತ್ರಿಗೆ ಅದರ ಅಂಚಿನಿಂದ ಕೆಳಗೆ ಕಾಣಿಸಿತು. ಕಂಬನ ಎಡಗಾಲು ಗೋಡೆಗೆ ಒತ್ತಿಕೊಂಡು ಇರುಕಿನಲ್ಲಿತ್ತು, ಅಲ್ಲಾಡಿಸಲು ಒಂದು ಬೆರಳಿನ ಜಾಗವಿಲ್ಲ. ಎರಡೂ ಮೊಣಕೈ ಬೀರುವಿನ ತಳದಲ್ಲಿ. ಹಾಗಾದರೆ ಕಂಬ ತನ್ನ ಯಾವ ಕಾಲನ್ನು, ಯಾವ ಮೊಣಕೈಯನ್ನು ಬೈದುಕೊಂಡ? ಸೊಸೆಗೆ ಕೇಳಲಿ ಎಂದು ಮಗಳಿಗೆ ಬೈಯುವ ಅತ್ತೆಯರನ್ನು ಮೇಸ್ತ್ರಿ ಕಂಡಿದ್ದ, ನಕ್ಕಿದ್ದ. ಆ ಸೊಸೆ ತಾನೇ ಎಂದು ಮೆಟ್ಟಿಲ ತಿರುವಿನಲ್ಲಿ, ಬೀರು ಹೊತ್ತುಕೊಂಡು, ಈ ವಯಸ್ಸಿನಲ್ಲಿ ತಿಳಿಯಬೇಕಾಗಿತ್ತು. ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಬೀರು ಲಾರಿ ಹತ್ತಿದ ಮೇಲೆ ಇಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಕಂಬ ತನ್ನ ಮುಂಗೈಯ ಚರ್ಮ ಕಿತ್ತುಹೋದ ಜಾಗಕ್ಕೆ ನೀರು ಹಾಕಿಕೊಳ್ಳುತ್ತಿದ್ದ.

"ಅಷ್ಟೂ ವರ್ಷ?" ಎಂದ ಮೇಸ್ತ್ರಿ.

"ನೀನು ಸೇರಿದ ಹೊಸದರಲ್ಲಿ ಹಳೇ ಮೇಸ್ತ್ರಿ ನಿಂಗೆ ಒಂದ್ಸಲ ಬೈದ್ರು, ನೆನಪಿದ್ಯಾ? ಫ್ರಿಜ್ಜು ಹಿಡ್ಕೊಂಡು ಹಿಂಗೇ ಕಲ್ಲಾಗಿ ನಿಂತೆ. ಕೆಳಗಡೆ ನಾನು. ಅವತ್ತು ಸಾಯಂಕಾಲ ಅವರು ನನ್ನ ಕರೆದು ಕೇಳಿದ್ರು. ಹುಡುಗ ಒಳ್ಳೆಯವನು, ಬೈದ್ರೆ ಮಾತ್ರ ಸತ್ತುಹೋಗ್ತಾನೆ, ಅವನಿಗೆ ಬೈಯೋದನ್ನೂ ನಿನ್ನ ಹೆಸರಿಗೆ ಹಾಕ್ಲಾ ಅಂತ. ಹಾಕಿ ಅಂದೆ. ನನ್ನ ಪಕ್ಕೆಲುಬಿನ ಪ್ರಶ್ನೆ ತಾನೇ?"

"ಯಾರ್ಯಾರಿಗೆ ಗೊತ್ತು?"

"ನಂಗೂ ಗೊತ್ತಪ್ಪ," ಎಂದಳು ಲಾರಿಯ ಹಿಂದಿನಿಂದ ಪ್ಯಾಕಿಂಗ್ ಅಕ್ಕ.

ಒಂದೇ ಗಂಟಲಿನ ಮನುಷ್ಯ ಎಂದು ತಾನು ಆಡಿಕೊಂಡ ಹಳೇ ಮೇಸ್ತ್ರಿ ತನ್ನನ್ನು ಇಷ್ಟು ನೋಡಿಕೊಂಡಿದ್ದರು. ತಾನು ಒಬ್ಬೊಬ್ಬರಿಗೆ ಒಂದೊಂದು ಎಂದು ಹೊಲಿದು ಕೊಟ್ಟದ್ದರಲ್ಲಿ ಯಾರಿಗೆ ಸರಿಹೊಂದಿತ್ತು, ಯಾರಿಗೆ ಇಲ್ಲ? ಯಜಮಾನರು ಹೆಗಲು ತಟ್ಟಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

"ಈ ಮೇಸ್ತ್ರಿಗಿರಿ ನಿಂದು ಕಣೋ. ನನ್ನ ತಪ್ಪೆಲ್ಲ ನಿನ್ನ ಹೆಸರಲ್ಲಿತ್ತು, ಅದಕ್ಕೇ ನಿಂಗೆ ಸಿಗ್ಲಿಲ್ಲ. ಅದಕ್ಕೇ ಹೊರಟಿದ್ದೀಯ ಅಲ್ವಾ?" ಕೊನೆಗೂ ಬಾಯಿಂದ ಕೇಳಿದ.

ಕಂಬ ನೀರನ್ನು ಪಕ್ಕಕ್ಕಿಟ್ಟ.

"ಸುಳ್ಳು ಯಾಕೆ ಹೇಳ್ಲಿ, ಒಂದೆರಡು ದಿನ ಹೊಟ್ಟೆ ಉರೀತು. ಆಮೇಲೆ ಸರಿಹೋಯ್ತು, ನೀನು ತಾನೇ ಅಂತ. ಅದಕ್ಕಲ್ಲ." ಅವನು ಕೈ ಝಾಡಿಸಿದ. "ಅಷ್ಟು ವರ್ಷ ಬೈಸ್ಕೊಂಡೆ, ಒಂದಿನ ಬೇಜಾರಾಗ್ಲಿಲ್ಲ. ನೀನು ನನ್ನ ಮೇಲೆ ಕನಿಕರ ಪಟ್ಟೆ ನೋಡು, ಅದು ತಡ್ಕೊಳ್ಳೋಕಾಗ್ಲಿಲ್ಲ. ದಿಂಬು ಕೊಟ್ಟೆ. ಪರದೆ ಕೋಲು ಕೊಟ್ಟೆ. ನಾನು ಕಟ್ಟಿದ ಗಂಟು ಕದ್ದು ಬಿಗೀತೀಯಲ್ಲ, ನಂಗೆ ಕಣ್ಣಿಲ್ವಾ? ಹಳೇ ಮೇಸ್ತ್ರಿ ನನ್ನ ಹೆಸರು ಹಿಡಿದು ಬೈತಿದ್ದಾಗ ನಾನು ಗಟ್ಟಿ ಇದ್ದೀನಿ ಅಂತ ಗೊತ್ತಿತ್ತು. ನೀನು ಬಾಯಿ ಮುಚ್ಕೊಂಡ ಮೇಲೆ, ನಾನು ನಿಜವಾಗ್ಲೂ ಕೈಲಾಗದವನೇನೋ ಅನ್ನಿಸೋಕೆ ಶುರುವಾಯ್ತು."

ತಪ್ಪಾಯಿತು ಎನ್ನಬೇಕೇ? ಅದೂ ಇನ್ನೊಂದು ದಿಂಬಾಗಿಬಿಟ್ಟರೆ? ಹೋಗಬೇಡ ಎಂದರೆ ಗೋಗರೆದಂತೆ, ಹೋಗು ಎಂದರೆ ತಳ್ಳಿದಂತೆ. ಮೇಸ್ತ್ರಿ ಎದ್ದು ಲಾರಿಯ ಕಡೆ ನಡೆದ. ಸಾಮಾನು ಸರಿಯಾಗಿ ಕೂತಿದೆಯೇ ಎಂದು ನೋಡುವುದು ಮೇಸ್ತ್ರಿಯ ಕೆಲಸ, ಅದಾದರೂ ಗೊತ್ತಿತ್ತು.

ಬೀರುವಿಗೆ ಹಗ್ಗ ಕಟ್ಟಿದವನು ಕಂಬ. ಮೇಲಿನ ಗಂಟು ಬಿಗಿ. ಕೆಳಗಿನ ಗಂಟು ಸಡಿಲ, ಎಷ್ಟೆಂದರೆ ಎರಡು ಬೆರಳು ತೂರುತ್ತಿತ್ತು. ಬೇಕೆಂದೇ ಬಿಟ್ಟನೋ, ಕೈ ನೋವಿಗೆ ಬಿಟ್ಟನೋ, ಮೇಸ್ತ್ರಿಗೆ ಇವತ್ತಿಗೂ ಗೊತ್ತಿಲ್ಲ. ಅಭ್ಯಾಸ ಬಲದಿಂದ ಕೈ ಹಗ್ಗದ ತುದಿಗೆ ಹೋಯಿತು. ಹಿಂದಿರುಗಿ ನೋಡಿದ. ಕಂಬ ಮೆಟ್ಟಿಲ ಮೇಲೆ ಕುಳಿತೇ ಇವನ ಕೈಯನ್ನು ನೋಡುತ್ತಿದ್ದ. ಮೇಸ್ತ್ರಿ ಹಗ್ಗ ಬಿಟ್ಟ.

"ಏ ಕಂಬ!" ದನಿ ನಡುವೆ ಒಡೆಯಿತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೂಗಿದ. "ಏ ಕಂಬ, ದಂಡಪಿಂಡ! ಇದೇನೋ ಗಂಟು? ದಾರಿಯಲ್ಲಿ ಬೀರು ಬಿದ್ರೆ ಯಾರು ಎತ್ತೋದು, ನಿಮ್ಮಪ್ಪನಾ?"

ಪೈಲ್ವಾನ ಬೆಚ್ಚಿ ಎದ್ದು ನಿಂತ. ವಕೀಲ ಕಾರಣ ಕೇಳುವುದನ್ನು ಮರೆತ. ಕಂಬ ನಿಧಾನವಾಗಿ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ಲಾರಿಯ ಹತ್ತಿರ ಬಂದು ಇವನ ಮುಖಕ್ಕೆ ಮುಖ ಕೊಟ್ಟು ನಿಂತ.

"ಇದು ನಂಗಾ, ನಿಂಗಾ?"

"ನಿಂಗೇ ಕಣೋ," ಎಂದ ಮೇಸ್ತ್ರಿ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. "ಇದು ನಿಂದೇ."

"ಹಂಗಾದ್ರೆ ಸರಿ," ಎಂದು ಕಂಬ ಲಾರಿ ಹತ್ತಿ, ಗಂಟು ಬಿಚ್ಚಿ, ಮೊದಲಿನಿಂದ ಕಟ್ಟತೊಡಗಿದ. "ಸೋಮವಾರ ಎಲ್ಲಿ ಕೆಲಸ?" ಎಂದು ಹಗ್ಗ ಎಳೆಯುತ್ತಲೇ ಕೇಳಿದ.